ಬಿಸಿಲು ಬಂದರೆ ಹೋಗುವ ನೆಟ್

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವರ ಕಷ್ಟ ಆಮೇಲೆ ಮಾಡಿದವರಿಗೆ ಗೊತ್ತಾಗುವುದಿಲ್ಲ. ಭಾನುವಳ್ಳಿಯ ನಮ್ಮ ಮನೆಗೆ ಪದವಿಯನ್ನು ಮೊದಲು ತಂದವಳು ನಾನು. ಹೀಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೆಳಗಿನ ಬಸ್ಸಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಒಂದೇ ಕಾಲಲ್ಲಿ ನಿಂತು ಹರಿಹರದ ಕಾಲೇಜಿಗೆ ಹೋಗಿ ಸಂಪಾದಿಸಿದ್ದು ಅದು. ಆದರೆ ಡಿಗ್ರಿ ಕೈಗೆ ಬಂದ ದಿನದಿಂದ ಮನೆಯವರೆಲ್ಲ ನನಗೆ ಜಗತ್ತಿನ ಸಕಲವೂ ತಿಳಿದಿದೆ ಎಂದು ತೀರ್ಮಾನಿಸಿಬಿಟ್ಟರು. ಮಾತ್ರೆಯ ಚೀಟಿ ಓದುವುದಕ್ಕೆ ನಾನು, ಕೊಳವೆ ಬಾವಿಯ ಸ್ಟಾರ್ಟರ್ ಕೆಟ್ಟರೆ ನಾನು, ಚಿಕ್ಕಪ್ಪನ ಮೊಬೈಲಿನಲ್ಲಿ ತಾನಾಗಿಯೇ ಹಾಡು ಶುರುವಾದರೆ ನಾನು. ನಾನು ಓದಿದ್ದು ಅರ್ಥಶಾಸ್ತ್ರ ಎಂದರೆ, 'ಅದರಾಗ ಇದೂ ಬರಬೇಕಲ್ಲ' ಎನ್ನುತ್ತಿದ್ದರು. ಇಲ್ಲ ಎಂದರೆ ಇಷ್ಟು ವರ್ಷ ಓದಿದ್ದಕ್ಕೆ ಅರ್ಥವೇನು ಎಂಬ ನೋಟ. ಆ ನೋಟ ತಪ್ಪಿಸಿಕೊಳ್ಳಲು ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಮುಟ್ಟಿ ನೋಡುವ ಅಭ್ಯಾಸ ನನಗೆ ಅಂಟಿಕೊಂಡಿತು.

ಹಾಗಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಹೊಸದಾಗಿ ಹಾಕಿಸಿದ ನೆಟ್ ಕೈಕೊಡಲು ಶುರುವಾದಾಗ ಎಲ್ಲರೂ ನನ್ನ ಮುಖ ನೋಡಿದ್ದು ಸಹಜವೇ. ಎಲ್ಲರೂ ಎಂದರೆ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಮತ್ತು ಬೇಸಿಗೆಗೆಂದು ಭಾನುವಳ್ಳಿಯಿಂದ ಬಂದಿದ್ದ ನಮ್ಮವ್ವ. ಅವ್ವ ಬೇಸಿಗೆಯಲ್ಲಿ ಬರುವುದು ಬರಿಗೈಯಲ್ಲಲ್ಲ, ಶ್ಯಾವಿಗೆ ಮಷಿನ್ ಸಮೇತ. ನನಗೆ, ಹರಿಹರದಲ್ಲಿರುವ ನನ್ನ ತಮ್ಮ ಮಂಜುವಿಗೆ, ಅಕ್ಕಪಕ್ಕದವರಿಗೆ ವರ್ಷಕ್ಕಾಗುವಷ್ಟು ಶ್ಯಾವಿಗೆ ಮಾಡಿ ಡಬ್ಬಿ ತುಂಬಿಸಿಯೇ ಅವಳು ಊರಿಗೆ ಮರಳುವುದು.

ನೆಟ್ಟಿನ ವರ್ತನೆ ವಿಚಿತ್ರವಾಗಿತ್ತು. ಬೆಳಿಗ್ಗೆ ಚೆನ್ನಾಗಿ ಇರುತ್ತದೆ. ಬಿಸಿಲೇರುತ್ತಿದ್ದಂತೆ ತಡವರಿಸಿ, ಆಮೇಲೆ ಕೋಣೆಯಲ್ಲಿಟ್ಟ ವೈಫೈ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿ, ಸತ್ತೇ ಹೋಗುತ್ತದೆ. ಸಂಜೆಯಾದರೆ ಏನೂ ಆಗಿಲ್ಲವೆಂಬಂತೆ ಹಸಿರು ದೀಪ. ಮೋಡ ಕವಿದ ದಿನ ಇಡೀ ದಿನ ಇರುತ್ತದೆ. ಕಂಪನಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಬಲು ಮಧುರವಾಗಿ ಒಮ್ಮೆ ಆಫ್ ಮಾಡಿ ಆನ್ ಮಾಡಿ ಮೇಡಂ ಎನ್ನುತ್ತಿದ್ದಳು. ಆ ದನಿಗೆ ಇಲ್ಲವೆನ್ನಲಾಗದೆ ಎಷ್ಟು ಸಲ ಮಾಡಿದೆನೋ. ಲೈನ್ ನೋಡುವವರು ಬರುತ್ತಿದ್ದುದು ಸಂಜೆ. ಅಷ್ಟೊತ್ತಿಗೆ ಹಸಿರು ದೀಪ ನಗುತ್ತಿರುತ್ತಿತ್ತು. ಆಸ್ಪತ್ರೆಯ ಬಾಗಿಲು ಕಂಡೊಡನೆ ನೋವು ಮಾಯವಾದ ರೋಗಿಯನ್ನು ನೋಡುವಂತೆ ಅವರು ನನ್ನನ್ನು ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಬೇರೆ ಸಮಯದಲ್ಲಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಆ ಬೇಸಿಗೆಯಲ್ಲೇ ನನ್ನ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ ಇತ್ತು. ಕಾಲೇಜಿನಲ್ಲಿ ಪಾಠ ಮಾಡುತ್ತ, ಮನೆ ನೋಡಿಕೊಳ್ಳುತ್ತ, ವರ್ಷಗಟ್ಟಲೆ ಎಳೆದುಕೊಂಡು ಬಂದ ಪ್ರಬಂಧ. ವಿಷಯ, ಹೆಂಗಸರ ಸಂಬಳವಿಲ್ಲದ ಮನೆಗೆಲಸ ಹೇಗೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ ಎಂಬುದು. ಪರೀಕ್ಷಕರು ದೂರದೂರಿನ ಹಿರಿಯ ಮೇಡಂ. ಅವರಿಗೆ ಪ್ರಯಾಣ ಮಾಡುವಷ್ಟು ಆರೋಗ್ಯವಿರಲಿಲ್ಲ, ಆದ್ದರಿಂದ ವಿಡಿಯೊದಲ್ಲೇ ಪರೀಕ್ಷೆ. ಅದಾದ ಮೇಲೆ ಅವರು ಆಪರೇಷನ್ನಿಗೆ ಆಸ್ಪತ್ರೆ ಸೇರುವವರಿದ್ದರು. ಈ ದಿನ ತಪ್ಪಿತೆಂದರೆ ಮತ್ತೆ ಯಾವ ಕಾಲಕ್ಕೋ ಎಂದು ನನ್ನ ಮಾರ್ಗದರ್ಶಕರು ಮೊದಲೇ ಎಚ್ಚರಿಸಿದ್ದರು. ಅವರ ಜೊತೆ ಮಧ್ಯಾಹ್ನ ಒಂದು ತಾಲೀಮು ಮಾಡಿ ನೋಡಿದೆ. ನಾನು 'ಇದರಿಂದ ಸ್ಪಷ್ಟವಾಗುವುದೇನೆಂದರೆ' ಎನ್ನುವಷ್ಟರಲ್ಲಿ ನೆಟ್ ಹೋಯಿತು. ಅವರ ಪರದೆಯಲ್ಲಿ ನಾನು ಬಾಯಿ ತೆರೆದುಕೊಂಡೇ ಉಳಿದೆನಂತೆ. ಏನು ಸ್ಪಷ್ಟವಾಯಿತೆಂದು ಅವರು ಬಹಳ ಹೊತ್ತು ಕಾದರಂತೆ.

ಮಂಜುವಿಗೆ ಫೋನ್ ಮಾಡಿದೆ. ದಾವಣಗೆರೆ ಬಿಸಿಲಿಗೆ ಪೆಟ್ಟಿಗೆ ಕಾಯುತ್ತದೆ, ತಂಪು ಮಾಡು ಅಂದ. ಲೆಕ್ಕ ಸರಿಯಾಗಿ ಕೂಡಿತು. ಬಿಸಿಲಿದ್ದರೆ ಹೋಗುತ್ತದೆ, ಮೋಡವಿದ್ದರೆ ಇರುತ್ತದೆ. ಪುರಾವೆ ಇದಕ್ಕಿಂತ ಬೇಕೆ? ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಿದೆ, ಕಿಟಕಿಗೆ ಒದ್ದೆ ಟವೆಲ್ ಕಟ್ಟಿದೆ. ಊಟಕ್ಕೆಂದು ಅಂಗಡಿಯಿಂದ ಬಂದ ನಮ್ಮ ಮನೆಯವರು ಬೆವರು ಒರೆಸಿಕೊಳ್ಳುತ್ತ, ಈ ಮನೆಯಲ್ಲಿ ಗಾಳಿ ಬೀಸಿಸಿಕೊಳ್ಳುವ ಯೋಗ ಆ ಡಬ್ಬಿಗೇ ಇದೆ ಎಂದರು. ಅವ್ವ ಮಾತ್ರ, ಪಾಪ ಅದಕ್ಕೂ ಸೆಕೆ ಆಗುತ್ತಿರಬೇಕು ಎಂದು ಪೆಟ್ಟಿಗೆಗೆ ಚೂರು ವಿಭೂತಿ ಹಚ್ಚಿ ಮಹಡಿ ಹತ್ತಿದಳು. ಅದಾದ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿತು. ವಿಭೂತಿಯ ಪ್ರಭಾವವೂ ಇಲ್ಲ, ಫ್ಯಾನಿನದೂ ಇಲ್ಲ.

ನಮ್ಮ ಮನೆಯವರಿಗೆ ಇನ್ನೊಂದು ಸಿದ್ಧಾಂತ ಹೊಳೆದಿತ್ತು. ಅವ್ವ ಹರಿಹರಕ್ಕೆ ಮಂಜುವಿನ ಮನೆಗೆ ಹೋಗಿ ಬಂದ ದಿನ ಎಷ್ಟು ಬಿಸಿಲಿದ್ದರೂ ನೆಟ್ ಹೋಗಿರಲಿಲ್ಲವಂತೆ. "ನಿಮ್ಮವ್ವನ್ನ ಕಂಡ್ರೆ ಈ ನೆಟ್ಟಿಗೂ ಹೆದರಿಕಿ ಐತೆ ನೋಡು" ಎಂದರು. ತವರಿನ ಮೇಲೆ ಬಂದ ಮಾತು. ಅದನ್ನು ಸಂಶೋಧನೆಯ ದೃಷ್ಟಿಯಿಂದ ಪರಿಶೀಲಿಸುವ ತಾಳ್ಮೆ ನನಗಿರಲಿಲ್ಲ. ಸಂಜೆಯ ತನಕ ಅವರ ಜೊತೆ ಮಾತು ಬಿಟ್ಟೆ. ಈಗ ಯೋಚಿಸಿದರೆ, ಆ ಮನೆಯಲ್ಲಿ ಸತ್ಯಕ್ಕೆ ಅತಿ ಹತ್ತಿರ ಹೋದವರು ಅವರೇ. ಇದನ್ನು ಅವರಿಗೆ ನಾನಿನ್ನೂ ಹೇಳಿಲ್ಲ.

ಕಡೆಗೆ, ಮೊಬೈಲ್ ಸಿಗ್ನಲ್ಲೂ ಮನೆಯೊಳಗೆ ನಿಲ್ಲದ್ದರಿಂದ, ಮೌಖಿಕ ಪರೀಕ್ಷೆಯನ್ನು ಹರಿಹರದ ಮಂಜುವಿನ ಮನೆಯಿಂದಲೇ ಕೊಡುವುದೆಂದು ತೀರ್ಮಾನಿಸಿದೆ. ಅವನದು ಬೇರೆ ಕಂಪನಿ, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಅವ್ವ ತಾನೂ ಬರುತ್ತೇನೆಂದಳು. ಮಗಳು ಡಾಕ್ಟರಾಗುವುದನ್ನು ನೋಡಬೇಡವೇ ಎಂಬುದು ಅವಳ ಪ್ರಶ್ನೆ. ಒಂದು ಕೈಯಲ್ಲಿ ನನ್ನ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ಅವಳ ಶ್ಯಾವಿಗೆ ಮಷಿನ್ ಹಿಡಿದು ಬಸ್ ಹತ್ತಿದೆ. ಮಷಿನ್ ಈಗ ಯಾಕವ್ವ ಎಂದರೆ, ಸುಮಾ ಕೇಳಿ ತಿಂಗಳಾಯಿತು, ಹೆಂಗೂ ಹೊಂಟೀವಲ್ಲ ಎಂದಳು. ಸುಮಾ ಎಂದರೆ ಮಂಜುವಿನ ಹೆಂಡತಿ.

ಪರೀಕ್ಷೆಯ ದಿನ ಬೆಳಿಗ್ಗೆ ಹರಿಹರದಲ್ಲಿ ನೆಟ್ ಎಂದರೆ ನೆಟ್. ಮಾರ್ಗದರ್ಶಕರ ಮೀಸೆಯ ಒಂದೊಂದು ಬಿಳಿ ಕೂದಲೂ ಕಾಣುತ್ತಿತ್ತು. ನಾನು ರೇಷ್ಮೆ ಸೀರೆ ಉಟ್ಟು ಕೋಣೆಯಲ್ಲಿ ಕೂತೆ. ಅವ್ವ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ, ಸದ್ದಾಗಬಾರದೆಂದು ಸುಮಾಳನ್ನೂ ಕರೆದುಕೊಂಡು ಮಹಡಿಗೆ ಹೋದಳು. ಹಾಗೆ ಹೋಗುವುದು ಅವಳ ಹಳೆಯ ಅಭ್ಯಾಸ. ಭಾನುವಳ್ಳಿಯಲ್ಲೂ ನಾನು ಪುಸ್ತಕ ಹಿಡಿದರೆ ಸಾಕು, ಬೀಸುವುದು ಕುಟ್ಟುವುದೆಲ್ಲ ಹಿತ್ತಲಿಗೆ ಹೋಗುತ್ತಿತ್ತು. ಮಂದಿಯ ಮನೆಗೆ ಶ್ಯಾವಿಗೆ ಮಾಡಿಕೊಟ್ಟು ನನ್ನ ಬಸ್ ಪಾಸಿಗೆ, ಪುಸ್ತಕಕ್ಕೆ ಹೊಂದಿಸುತ್ತಿದ್ದಳು. ಒಂದು ದಿನ ಹಿಟ್ಟು ನಾದಿಕೊಡಲು ಹೋದರೆ, "ನೀ ಓದವ್ವ. ಇದನ್ನ ಮಾಡಾಕ ನಾನಿಲ್ಲೇನು" ಎಂದು ಕೈ ತೊಳೆಸಿ ಕಳಿಸಿದ್ದಳು. ಆ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ದಾವಣಗೆರೆಯ ನಮ್ಮದೇ ಮನೆಯ ಮಹಡಿಯಲ್ಲಿ ಅವಳು ಬೇಸಿಗೆಯುದ್ದಕ್ಕೂ ಏನು ಮಾಡುತ್ತಾಳೆ, ಎಲ್ಲಿ ಒಣಗಿಸುತ್ತಾಳೆ ಎಂದು ಹತ್ತಿ ನೋಡಿದವಳಲ್ಲ. ಡಬ್ಬಿಗಳು ತುಂಬಿ ಕೆಳಗೆ ಬರುತ್ತಿದ್ದವು, ನಾನು ಪಾಯಸ ಮಾಡುತ್ತಿದ್ದೆ.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ನನ್ನ ಭಾಷಣ ಮುಗಿದು ಪ್ರಶ್ನೆಗಳು ಶುರುವಾದವು. ಮೇಡಂ ಕನ್ನಡಕ ಸರಿಮಾಡಿಕೊಂಡು, ಈ ಕಣ್ಣಿಗೆ ಬೀಳದ ದುಡಿಮೆ ಎನ್ನುತ್ತೀರಲ್ಲ, ನಿಮ್ಮ ಸ್ವಂತ ಮನೆಯಲ್ಲಿ, ಎನ್ನುವಷ್ಟರಲ್ಲಿ ನಿಂತುಹೋದರು. ಯೋಚಿಸುತ್ತಿದ್ದಾರೆ ಅಂದುಕೊಂಡೆ. ಕೈ ಕನ್ನಡಕದ ಮೇಲೆಯೇ ಇತ್ತು. ತಿರುಗಿ ನೋಡಿದರೆ ಮಂಜುವಿನ ಪೆಟ್ಟಿಗೆಯಲ್ಲಿ ಅದೇ ಕೆಂಪು ದೀಪ. ದಾವಣಗೆರೆಯಿಂದ ನನ್ನ ಹಿಂದೆಯೇ ಬಸ್ ಹತ್ತಿ ಬಂದಂತೆ.

ಮೊಬೈಲಿಗಾದರೂ ಸಿಗ್ನಲ್ ಸಿಕ್ಕೀತೆಂದು ಸೀರೆ ಎತ್ತಿ ಹಿಡಿದು ಮಹಡಿಗೆ ಓಡಿದೆ. ಮೇಲೆ ಹೋಗಿ ನೋಡುತ್ತೇನೆ, ಬೀದಿಯ ಕಂಬದಿಂದ ಬಂದು ಮಹಡಿಯನ್ನು ದಾಟಿ ಹೋಗುವ ಸಣ್ಣ ಕಪ್ಪು ಕೇಬಲ್ ಸೊಂಟದ ಮಟ್ಟಕ್ಕೆ ಜಗ್ಗಿದೆ. ಅದರ ಉದ್ದಕ್ಕೂ ಹಸಿ ಶ್ಯಾವಿಗೆ, ಮದುವೆಮನೆಯ ಪರದೆಯ ಹಾಗೆ ಇಳಿಬಿದ್ದಿದೆ. ಭಾರಕ್ಕೆ ಕೇಬಲ್ಲು ಮಹಡಿಯ ಗೋಡೆಯ ಅಂಚಿನಲ್ಲಿ ಮುರಿದ ಮೊಳಕೈಯಂತೆ ಮಡಚಿಕೊಂಡಿದೆ. ಅದರೊಳಗೆ ಇರುವುದು ಕೂದಲಿನಂಥ ಗಾಜಿನ ಎಳೆ, ಹಾಗೆ ಮಡಚಿದರೆ ಬೆಳಕು ಮುಂದೆ ಹೋಗುವುದಿಲ್ಲ ಎಂದು ನಾನೇ ಎಲ್ಲೋ ಓದಿದ್ದೆ. ಓದಿದ್ದು ಕೆಳಗಿನ ಕೋಣೆಯಲ್ಲಿ ಕೂತು. ಸುಮಾ ಮಷಿನ್ ತಿರುವುತ್ತಿದ್ದಳು, ಅವ್ವ ಇಳಿಯುವ ಎಳೆಗಳನ್ನು ಮೊಳಕೈ ಮೇಲೆ ಹಿಡಿಯುತ್ತಿದ್ದಳು.

"ಅವ್ವಾ, ದಾವಣಗೆರೆಯಾಗೂ ಇದಕ್ಕೇ ಹಾಕ್ತಿದ್ದೇನು?"

"ಹೂಂ ಮತ್ತೆ. ಎಲ್ಲಾರ ಬಟ್ಟಿ ಹಾಕೋ ತಂತಿಗೆ ತಿನ್ನೋದು ಹಾಕಾಕ ಬರ್ತೈತೇನು? ಇದು ಹೊಸಾದು. ಯಾರೂ ಏನೂ ಹಾಕಿಲ್ಲ, ಮಡಿ ಐತೆ. ನುಣ್ಣಗೂ ಐತೆ, ಎಳಿ ಅಂಟಂಗಿಲ್ಲ."

ಬಿಸಿಲಿದ್ದರೆ ಶ್ಯಾವಿಗೆ, ಶ್ಯಾವಿಗೆ ಇದ್ದರೆ ಕೆಂಪು ದೀಪ. ಮೋಡವಿದ್ದರೆ ಶ್ಯಾವಿಗೆ ಇಲ್ಲ. ಅವ್ವ ಹರಿಹರದಲ್ಲಿದ್ದ ದಿನವೂ ಇಲ್ಲ. ಒಣಗಿದ ಶ್ಯಾವಿಗೆ ಸಂಜೆ ಡಬ್ಬಿಗಿಳಿದ ಮೇಲೆಯೇ ಲೈನ್ ನೋಡುವವರ ಚಹಾ. ಎಲ್ಲ ಒಂದೇ ಏಟಿಗೆ ಅರ್ಥವಾಯಿತು.

"ಅವ್ವಾ, ನೆಟ್ ಬರೋದು ಇದರಾಗೇ" ಎಂದೆ, ಅಷ್ಟೇ.

ಅವಳ ಮುಖ ಇಳಿದುಹೋಯಿತು. ಆದರೆ ಹೌದಾ, ಅಯ್ಯೋ ಎನ್ನುತ್ತ ನಿಲ್ಲಲಿಲ್ಲ. ಒಂದೊಂದೇ ಹಿಡಿ ಶ್ಯಾವಿಗೆಯನ್ನು ಕೇಬಲ್ಲಿನಿಂದ ಎತ್ತಿ ಚಾಚಿದ ತನ್ನ ಎರಡು ಕೈಗಳ ಮೇಲೆ, ಹೆಗಲ ಮೇಲೆ ಹಾಕಿಕೊಂಡಳು. ಮಿಕ್ಕಿದ್ದನ್ನು ಸುಮಾಳ ಕೈಮೇಲೆ ಹಾಕಿದಳು. ಹಸಿ ಎಳೆಯನ್ನು ನೆಲಕ್ಕಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಇಳಿಬಿಡಲು ಮಡಿಯಾದ ಕೋಲೊಂದೂ ಅಲ್ಲಿರಲಿಲ್ಲ. ನಾನೂ ಒಂದಿಷ್ಟು ಹಿಡಿಯಲು ಕೈ ಚಾಚಿದೆ.

"ನಿಂದೇನು ಇಲ್ಲಿ ಕೆಲಸ? ಕೆಳಗ ಹೋಗು. ಅವರು ಕಾಯ್ತಿರ್ತಾರ."

ಕೆಳಗೆ ಬಂದಾಗ ಹಸಿರು ದೀಪ. ಮೇಡಂ ಅಲ್ಲೇ ಇದ್ದರು, ಪುಣ್ಯಾತ್ಮರು. ಪ್ರಶ್ನೆಯನ್ನು ಮೊದಲಿನಿಂದ ಕೇಳಿದರು. ನಿಮ್ಮ ಸ್ವಂತ ಮನೆಯಲ್ಲಿ ಇಂಥ ದುಡಿಮೆ ಹೇಗೆ ಕಣ್ಣಿಗೆ ಬೀಳದೆ ಹೋಗುತ್ತದೆಂದು ಗಮನಿಸಿದ್ದೀರಾ? "ಈಗ ತಾನೇ ನೋಡಿ ಬಂದೆ ಮೇಡಂ" ಎಂದೆ. ಸಿದ್ಧಪಡಿಸಿದ್ದ ಉತ್ತರವೆಲ್ಲ ಬಿಟ್ಟು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, ಅಮ್ಮ ಇನ್ನೂ ಹಾಗೇ ನಿಂತಿದ್ದಾರೆಯೇ ಎಂದು ಕೇಳಿ, ಉಳಿದ ಪ್ರಶ್ನೆಗಳನ್ನು ಬೇಗ ಬೇಗ ಮುಗಿಸಿದರು. ಮಾರ್ಗದರ್ಶಕರು ಅಭಿನಂದನೆ ಹೇಳಿ ನನ್ನ ಹೆಸರಿಗೆ ಡಾಕ್ಟರ್ ಸೇರಿಸಿ ಕರೆದಾಗ ನಾನು ಆಗಲೇ ಮೆಟ್ಟಿಲ ಮೇಲಿದ್ದೆ.

ಅವ್ವ ಬಿಸಿಲಲ್ಲಿ ಕೈ ಚಾಚಿ ನಿಂತೇ ಇದ್ದಳು. ಕೈಮೇಲಿನ ಶ್ಯಾವಿಗೆ ಅರ್ಧ ಒಣಗಿತ್ತು. ಪಾಸೋ ಫೇಲೋ ಕೇಳಲಿಲ್ಲ.

"ಮುಗೀತೇನವ್ವ? ಕೈ ಇಳಿಸ್ಲಾ?"

"ಇಳಿಸವ್ವ" ಎಂದು ಅವಳ ಕೈಮೇಲಿನ ಎಳೆಗಳನ್ನು ನನ್ನ ಕೈಗೆ ತೆಗೆದುಕೊಂಡೆ.

ದಾವಣಗೆರೆಗೆ ಬಂದು ಮಾಡಿದ ಮೊದಲ ಕೆಲಸ, ಮಹಡಿಯಲ್ಲಿ ಶ್ಯಾವಿಗೆಗೆಂದೇ ಹೊಸ ತಂತಿ ಕಟ್ಟಿಸಿದ್ದು. ಎರಡನೆಯದು, ಪ್ರಬಂಧದ ಕೃತಜ್ಞತೆಯ ಪುಟ ತೆಗೆದು ನೋಡಿದ್ದು. ಗ್ರಂಥಾಲಯದ ಸಿಬ್ಬಂದಿಗೆ, ಟೈಪು ಮಾಡಿಕೊಟ್ಟವರಿಗೆ, 'ಸಹಕಾರ'ಕ್ಕಾಗಿ ಪತಿಗೆ ಸವಿಸ್ತಾರವಾಗಿ ವಂದಿಸಿದ್ದೆ. ಕೊನೆಯ ಸಾಲಿನಲ್ಲಿ ಅವ್ವನ 'ಆಶೀರ್ವಾದ'ವಿತ್ತು. ಹೆಂಗಸರ ದುಡಿಮೆಯನ್ನು ದುಡಿಮೆ ಎಂದು ಕರೆಯಬೇಕೆಂದು ಪ್ರಬಂಧದ ತುಂಬ ವಾದಿಸಿದವಳು ನಾನೇ. ಆ ಸಾಲು ಹೊಡೆದು ಹಾಕಿ, ಅವಳು ಮಾಡಿದ್ದೇನೆಂದು ಬರೆದೆ. ಓದಿ ಹೇಳಿದರೆ, ಶ್ಯಾವಿಗೆ ವಿಷಯ ಯಾಕೆ ಬರೆದಿ, ಓದಿದ ಮಂದಿ ನಗುತ್ತಾರೆ ಎಂದಳು. ನಗಲಿ ಎಂದೆ. ಅಷ್ಟಕ್ಕೇ ನಿಲ್ಲದೆ, ಇನ್ನು ಮೇಲೆ ಮನೆಗೆಲಸದಲ್ಲಿ ನಾನೂ ಕೈಜೋಡಿಸುತ್ತೇನೆಂದು ಘೋಷಿಸಿ, ದೊಡ್ಡ ದೊಡ್ಡ ಬೆಡ್‌ಶೀಟುಗಳನ್ನು ನಾನೇ ಒಗೆದು, ನಾನೇ ಮಹಡಿಗೆ ಒಯ್ದು ಹಾಕಿ ಬಂದೆ.

ತಿದ್ದಿದ ಪುಟವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು ಕೂತರೆ ಹೋಗಲೊಲ್ಲದು. ಕೆಂಪು ದೀಪ. ಈ ಸಲ ನನಗೆ ಕಾರಣ ಗೊತ್ತಿತ್ತಲ್ಲ, ಅವ್ವ ಹಳೆಯ ಅಭ್ಯಾಸದಂತೆ ಮರೆತು ಹಾಕಿರಬೇಕೆಂದು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಲೇ ಮೆಟ್ಟಿಲು ಹತ್ತಿದೆ. ಅವ್ವನ ಶ್ಯಾವಿಗೆ ಹೊಸ ತಂತಿಯ ಮೇಲೆ ಶಿಸ್ತಾಗಿ ಒಣಗುತ್ತಿತ್ತು. ಕೇಬಲ್ಲಿನ ಮೇಲೆ ನೀರು ಸುರಿಸುತ್ತ ಜಗ್ಗಿದ್ದವು ನನ್ನ ಬೆಡ್‌ಶೀಟುಗಳು. ಅವ್ವ ಹಿಂದೆಯೇ ಬಂದು ನಿಂತಳು.

"ಅದರಾಗ ನೆಟ್ ಬರ್ತೈತೆ ಅಂತ ಯಾರೋ ಡಾಕ್ಟ್ರು ಹೇಳಿದ್ರವ್ವ" ಎಂದು, ಒಂದೊಂದಾಗಿ ತೆಗೆದು ತನ್ನ ಹೆಗಲಿಗೆ ಹಾಕಿಕೊಳ್ಳತೊಡಗಿದಳು.