ಜೊಲ್ಲಿಗೆ ಕಡಿದ ಎರಡು ಮಾರ್ಕ್ಸು

ಮನುಷ್ಯನಿಗೆ ಊರವರ ಬಾಯಿಯ ಸುದ್ದಿಯೆಲ್ಲ ಗೊತ್ತಿರುತ್ತದೆ, ತನ್ನ ಬಾಯಿಯೊಳಗೆ ಏನು ನಡೆದಿದೆ ಎಂಬುದೊಂದು ಬಿಟ್ಟು. ಆತ ವಿಜ್ಞಾನದ ಮಾಸ್ತರನಾಗಿದ್ದರಂತೂ ಕೇಳುವುದೇ ಬೇಡ. ನಾನು ಸವಣೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿ ನಿವೃತ್ತನಾದವನು. ಹಲ್ಲು ಏಕೆ ಹುಳುಕಾಗುತ್ತದೆ ಎಂಬ ಪ್ರಶ್ನೆಗೆ ನನ್ನದು ಒಂದೇ ಉತ್ತರ: ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದದ್ದರಿಂದ. ನನಗೆ ಆ ಕೊರತೆ ಬರಬಾರದೆಂದು ನಮ್ಮೂರ ವೀಳ್ಯದೆಲೆಗೆ ಧಾರಾಳವಾಗಿ ಸುಣ್ಣ ಸವರುತ್ತಿದ್ದೆ. ನಾಲಿಗೆ ಸುಡುತ್ತದೆಂದು ಮೇಲೊಂದಿಷ್ಟು ಗುಲ್ಕಂದ. ಎದ್ದಾಗಿನಿಂದ ಮಲಗುವವರೆಗೆ ಎಡ ದವಡೆ ತುಂಬಿರುತ್ತಿತ್ತು.

"ಬಾಯಿಗೆ ಒಂದ್ ತಾಸರೆ ಸೂಟಿ ಕೊಡ್ರಿ" ಎಂದು ಹೆಂಡತಿ ದಿನಾ ಹೇಳುವಳು.

"ಸುಣ್ಣ ಹೊಟ್ಟಿಗೆ, ಹೊಟ್ಟಿಂದ ರಕ್ತಕ್ಕ, ರಕ್ತದಿಂದ ಹಲ್ಲಿಗೆ. ನಿನಗ ಇದೆಲ್ಲಾ ತಿಳಿಯಂಗಿಲ್ಲ ಬಿಡು" ಎಂದು ನಾನು ಪಿಚಕ್ಕನೆ ಅಂಗಳಕ್ಕೆ ಉಗುಳುತ್ತಿದ್ದೆ.

ಹೋದ ತಿಂಗಳು ರೊಟ್ಟಿ ಅಗಿಯುವಾಗ ಅದೇ ಎಡ ದವಡೆಯ ಹಲ್ಲಿನ ಅರ್ಧ ಭಾಗ ಕೈಗೆ ಬಂತು. ಖಡಕ್ ರೊಟ್ಟಿಯಾಗಿದ್ದರೆ ರೊಟ್ಟಿಯನ್ನು ಬೈಯಬಹುದಿತ್ತು, ಅದು ಆಗಷ್ಟೇ ಹಂಚಿನಿಂದ ಇಳಿದ ಮೆತ್ತನೆಯ ರೊಟ್ಟಿ. ನಮ್ಮಪ್ಪ ಕೊನೆಯವರೆಗೂ ಕಬ್ಬು ಸಿಗಿದು ತಿಂದವನು. ಉಳಿದರ್ಧವನ್ನಾದರೂ ಉಳಿಸಿಕೊಳ್ಳಬೇಕೆಂದು ಹೆಂಡತಿಯೊಡನೆ ಹಲ್ಲಿನ ಡಾಕ್ಟರಲ್ಲಿಗೆ ಓಡಿದೆ. ಡಾಕ್ಟರು ನಮ್ಮ ನಸೀಮಾ, ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಕನ್ನಡಿ ತೂರಿಸಿ ನೋಡಿ ತೆಗೆದೊಡನೆ ನಾನು ನನ್ನ ಸುಣ್ಣದ ಸಿದ್ಧಾಂತ ಒಪ್ಪಿಸಿದೆ.

"ಹಲ್ಲಿನ ಮ್ಯಾಲಿನ ಕವಚಕ್ಕ ರಕ್ತ ಹೋಗೂದಿಲ್ಲರಿ ಸರ್" ಎಂದಳು. "ರಕ್ತದಾಗಿನ ಕ್ಯಾಲ್ಸಿಯಂ, ಫಾಸ್ಫೇಟ್ ಜೊಲ್ಲಿಗೆ ಬರತಾವ. ಜೊಲ್ಲು ಅವನ್ನ ಸವೆದ ಜಾಗಾಕ್ಕ ಮೆತ್ತತೈತಿ. ಆದ್ರ ಬಾಯಾಗ ದಿನಪೂರ್ತಿ ಗುಲ್ಕಂದ ಇದ್ರ ಆಮ್ಲ ಕೊರೀತಾನ ಇರತೈತಿ. ರಿಪೇರಿಗೆ ಅದಕ್ಕೂ ಪುರಸೊತ್ತು ಬೇಕಲ್ರಿ. ನೀವು ನೋಡಿದ್ರ ಆ ಜೊಲ್ಲನ್ನೂ ಉಗುಳಿಬಿಡ್ತೀರಿ."

ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಒಂಬತ್ತನೇ ಕ್ಲಾಸಿನ್ಯಾಗ ನಾ ಇದನ್ನೇ ಬರದಿದ್ನಿರಿ. ನೀವು ಎರಡು ಮಾರ್ಕ್ಸ್ ಕಡದ್ರಿ" ಎಂದಳು ನಸೀಮಾ, ಸೂಜಿಗೆ ಮದ್ದು ತುಂಬುತ್ತ.

ಹಲ್ಲು ಮುರಿದಾಗಲೂ ನಾನು ಇಷ್ಟು ಬೆಚ್ಚಿರಲಿಲ್ಲ. ಕೆಂಪು ಮಸಿಯಲ್ಲಿ 'ಜೊಲ್ಲಿನಿಂದ ಹಲ್ಲು ಕಟ್ಟಲಾಗದು' ಎಂದು ಬರೆದು, ಅದನ್ನು ತರಗತಿಗೆಲ್ಲ ಓದಿ ನಗಿಸಿದ್ದು ನೆನಪಾಯಿತು. ಹುಡುಗಿ ಅಂದು ಬೆಂಚಿನ ಮೇಲೆ ತಲೆಯಿಟ್ಟು ಅತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಹಲ್ಲು ಉಳೀತೈತೇನವಾ?" ಎಂದೆ, ಬೇರೇನೂ ತೋಚದೆ.

"ಬೇರು ಗಟ್ಟಿ ಐತ್ರಿ, ಉಳಸ್ತೇನಿ. ಎಲಿ ಬಿಡಬೇಕು."

ಅವಳು ಬಾಯಿಗೆ ಹತ್ತಿ ತುರುಕಿದಳು. ಮಾತಾಡಲಾರದೆ, ಮಾರ್ಕ್ಸ್ ವಾಪಸ್ ಎಂಬಂತೆ ನಾನು ಎರಡು ಬೆರಳೆತ್ತಿದೆ. ಅವಳಿಗೆ ಅರ್ಥವಾಯಿತು, ನಕ್ಕಳು. ಅರ್ಧ ತಾಸಿನ ಮೇಲೆ ಹತ್ತಿ ತೆಗೆದು, ಪಕ್ಕದ ಬೋಗುಣಿ ತೋರಿಸಿ, "ಉಗುಳ್ರಿ ಸರ್" ಎಂದಳು.

ನಾನು ಹೆಂಡತಿಯ ಮುಖ ನೋಡಿದೆ. ಬಾಯಿ ತುಂಬ ಜೊಲ್ಲಿತ್ತು. ನುಂಗಿಬಿಟ್ಟೆ.