ಹುಳಿಯಾದ ಇಂಜಿನ್ ಎಣ್ಣೆಯ ವಿಷಯವಾಗಿ ಬೊಂಬಾಯಿಯ ಯಂತ್ರಕ್ಕೆ

ಆದವಾನಿ
ಏಪ್ರಿಲ್ 1957

ಬೊಂಬಾಯಿಯ ಎಣ್ಣೆ ಕಂಪನಿಯ ಪ್ರಯೋಗಶಾಲೆಯಲ್ಲಿ ವಿರಾಜಮಾನರಾದ ಅವಕೆಂಪು ಕಿರಣದ ಯಂತ್ರ ಮಹಾಶಯರಿಗೆ,

ಮಾನ್ಯರೇ,

ಆದವಾನಿಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಒಡತಿ ಗುರುಶಾಂತಮ್ಮನ ಶರಣು. ತಾವು ತಣ್ಣನೆಯ ಕೋಣೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಇಂಜಿನ್ ಕ್ಷೇಮವಾಗಿಲ್ಲ.

ಫೆಬ್ರವರಿಯಲ್ಲಿ ನಮ್ಮ ಇಂಜಿನ್ ಡ್ರೈವರ್ ಮಾರೆಣ್ಣ ಇಂಜಿನ್ನಿನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, "ಅಮ್ಮಾರ, ಎಣ್ಣಿ ಹುಳಿ ಆಗೈತ್ರಿ. ಇಂಜಿನ್ ನಿಲ್ಲಸ್ರಿ, ಬೇರಿಂಗ್ ತಿಂದು ಹಾಕತೈತಿ" ಅಂದ. ಎಣ್ಣೆ ಹಾಕಿ ತಿಂಗಳೂ ಆಗಿರಲಿಲ್ಲವಾದ್ದರಿಂದ ಕಂಪನಿಯ ಏಜೆಂಟರು ನಕ್ಕು, ಆಮ್ಲವನ್ನು ಅಳೆಯುವುದು ಮೂಗಿನ ಕೆಲಸವಲ್ಲವೆಂದೂ, ಕಣ್ಣಿಗೆ ಕಾಣದ ಬೆಳಕನ್ನು ಎಣ್ಣೆಯೊಳಗೆ ಹಾಯಿಸಿ, ಅದರಲ್ಲಿ ಎಣ್ಣೆ ನುಂಗಿದ್ದೆಷ್ಟೆಂದು ನೋಡಿ ಆಮ್ಲವನ್ನು ಹೇಳಬಲ್ಲ ತಾವು ಬೊಂಬಾಯಿಯಲ್ಲಿದ್ದೀರೆಂದೂ, ತಮ್ಮ ವರದಿ ಬರುವವರೆಗೆ ಇಂಜಿನ್ ಓಡಲೆಂದೂ ಅಪ್ಪಣೆ ಕೊಡಿಸಿದರು. ಅಂಗಳದ ತುಂಬ ಹತ್ತಿ ಬಿದ್ದಿತ್ತು, ನಾನು ತಲೆಯಾಡಿಸಿದೆ. ಓಡಿಸಲೊಲ್ಲೆ ಎಂದ ಮಾರೆಣ್ಣನಿಗೆ "ಹಂಗಾದ್ರ ಮನಿಗೆ ನಡಿ" ಎಂದವಳೂ ನಾನೇ. ಹದಿನಾರು ವರ್ಷ ಆ ಇಂಜಿನ್ ಓಡಿಸಿದವನು ಕೈ ಒರೆಸಿಕೊಂಡು ತನ್ನೂರು ಪೆದ್ದಹರಿವಾಣದ ದಾರಿ ಹಿಡಿದ.

ಎಣ್ಣೆಯ ಸೀಸೆ ಬೊಂಬಾಯಿ ರೈಲು ಹತ್ತಿತು. ಹನ್ನೆರಡನೆಯ ದಿನ, ತಮ್ಮ ವರದಿಗೂ ಕಾಯುವ ಸೌಜನ್ಯ ತೋರದೆ ಬೇರಿಂಗ್ ಸುಟ್ಟು ಹೋಗಿ, ಇಂಜಿನ್ ಒಡೆದು, ಸಿಡಿದ ಕಾದೆಣ್ಣೆ ಹೊಸ ಡ್ರೈವರ್ ಆಂಜನೇಯನ ಮುಂಗೈ ಸುಟ್ಟಿತು. ನಲವತ್ತೊಂದನೆಯ ದಿನ ತಮ್ಮ ವರದಿ ಬಂತು: ಆಮ್ಲ ಮಿತಿ ಮೀರಿದೆ, ಇಂಜಿನ್ನನ್ನು ತಕ್ಷಣ ನಿಲ್ಲಿಸತಕ್ಕದ್ದು. ಎಂಥ ಕರಾರುವಾಕ್ಕು ವಿದ್ಯೆ! ತಮ್ಮ ಆಜ್ಞೆಯನ್ನು ನಾವು ಇಪ್ಪತ್ತೊಂಬತ್ತು ದಿನ ಮುಂಚಿತವಾಗಿಯೇ ಪಾಲಿಸಿದ್ದೇವೆ.

ಇನ್ನು ಮುಂದೆ ತಾವು ವರದಿ ಬರೆದು ಮುಗಿಸುವವರೆಗೆ ಕಬ್ಬಿಣ ಮುಟ್ಟದೆ ಉಪವಾಸವಿರುವಂತೆ ಆಮ್ಲಕ್ಕೆ ಒಂದು ನೋಟೀಸು ಜಾರಿ ಮಾಡಬೇಕು. ಬಿಡುವಾದಾಗ ತಮ್ಮ ಬೆಳಕನ್ನು ಏಜೆಂಟರ ತಲೆಯೊಳಗೂ ಹಾಯಿಸಿ, ಏನಾದರೂ ಕಂಡುಬಂದರೆ ತಂತಿ ಕೊಡಬೇಕು.

ವರದಿ ಹಿಡಿದು ಪೆದ್ದಹರಿವಾಣಕ್ಕೆ ಹೋಗಿ, ಮಾರೆಣ್ಣನ ಕಟ್ಟೆಯ ಮೇಲೆ ಕೂತು ಪೂರ್ತಿ ಓದಿ ಹೇಳಿದೆ. ನಿನ್ನ ಮಾತು ನಿಜವಾಯಿತು ಅಂದೆ. ಆತ ಕಾಗದದ ಕಡೆ ನೋಡಲಿಲ್ಲ. "ಆಂಜನೇಯನ ಕೈ ಹೆಂಗೈತ್ರಿ?" ಅಂದ. ಇದಕ್ಕೆ ಉತ್ತರ ತಮ್ಮ ವರದಿಯಲ್ಲಿ ಎಲ್ಲಿಯೂ ಸಿಗಲಿಲ್ಲ.

ತಮ್ಮ ನಿಖರತೆಗೆ ಬೆರಗಾಗಿರುವ,
ತಮ್ಮ ವಿಶ್ವಾಸಿ,
ಗುರುಶಾಂತಮ್ಮ

ತಾ.ಕ.: ಮಾರೆಣ್ಣ ಕೆಲಸಕ್ಕೆ ಮರಳಿದ್ದಾನೆ. ಅವನ ಅಪ್ಪಣೆಯಿಲ್ಲದೆ ಇಂಜಿನ್ ಕೋಣೆಯೊಳಗೆ ಯಾರೂ ಕಾಲಿಡುವಂತಿಲ್ಲ ಎಂಬುದೊಂದೇ ಷರತ್ತು. ನಿನ್ನೆ ತಮ್ಮ ಏಜೆಂಟರು ಬಾಗಿಲಲ್ಲಿ ಬಿಸಿಲಿಗೆ ಅರ್ಧ ಗಂಟೆ ನಿಂತಿದ್ದರು. ಪಕ್ಕದಲ್ಲಿ ನಾನೂ ನಿಂತಿದ್ದೆ.