ಸನ್ಮಾನಕ್ಕೆ ಹೋದ ಕುರ್ಚಿ

ಬೆಳಿಗ್ಗೆ ಬಟ್ಟೆ ಅಂಗಡಿಗೆ ಕೆಲಸಕ್ಕೆ ಬಂದ ಅಕ್ಕನಿಗೆ ತನ್ನ ಕುರ್ಚಿ ಕಾಣಲಿಲ್ಲ. ಅಂಗಡಿಯ ಆರು ಕುರ್ಚಿಗಳಲ್ಲಿ ಒಂದೂ ಇರಲಿಲ್ಲ.

“ಸಭಾಭವನಕ್ಕೆ ಕಳಿಸಿದೀನಿ. ಇವತ್ತು ಆ ಮೇಡಂಗೆ ಸನ್ಮಾನ,” ಎಂದರು ಮಾಲೀಕರು, ತಮಗೇ ಸನ್ಮಾನವೆಂಬಂತೆ.

ಆ ಮೇಡಂ ಎರಡು ವರ್ಷ ಅಂಗಡಿ ಅಂಗಡಿ ಅಲೆದು, ಹನ್ನೊಂದು ಗಂಟೆ ನಿಂತೇ ದುಡಿಯುವ ಹೆಂಗಸರ ಕಷ್ಟದ ಬಗ್ಗೆ ಸಂಶೋಧನೆ ಮಾಡಿದವರು. ಕೆಲಸದವರಿಗೆ ಕುರ್ಚಿ ಕೊಡಲೇಬೇಕೆಂಬ ಕಾನೂನು ಬಂದದ್ದು ಅವರ ವರದಿಯಿಂದಲೇ. ಅವರ ಪ್ರಶ್ನೆಗಳಿಗೆ ಮೊದಲು ಬಾಯಿಬಿಟ್ಟವಳು ಈ ಅಕ್ಕ.

ಮಧ್ಯಾಹ್ನದ ಹೊತ್ತಿಗೆ ಅವಳ ಕಾಲು ಕುಂಬಳಕಾಯಿಯಾಗಿತ್ತು.

“ನನ್ನ ಕುರ್ಚಿ ನಾನೇ ತರ್ತೀನಿ!”

“ಹಾಗಂದ್ರೆ ಬಿಡ್ತಾರಾ? ಹಲ್ಲುನೋವು ಅನ್ನು,” ಎಂದಳು ಗಲ್ಲಾದವಳು. “ಕೆನ್ನೆ ಊದಿರ್ಬೇಕಲ್ಲ?” ಎಂದು ಇನ್ನೊಬ್ಬಳು ಬಟ್ಟೆಚೂರೊಂದನ್ನು ಸುತ್ತಿ ಅಕ್ಕನ ಬಾಯಿಗೆ ತುರುಕಿದಳು. ಮಾಲೀಕರು ಆ ಮುಖ ನೋಡಿ, “ಅಯ್ಯೋ, ಹೋಗು ಹೋಗು,” ಎಂದರು.

ಸಭಾಭವನದ ಬಾಗಿಲಲ್ಲಿ ಅಕ್ಕ ಬಟ್ಟೆ ಉಗಿದಳು. ಆರೂ ಕುರ್ಚಿಗಳು ವೇದಿಕೆಯ ಮೇಲಿದ್ದವು, ಆರರಲ್ಲೂ ಮೇಡಂ ಸೇರಿದಂತೆ ಗಣ್ಯರಿದ್ದರು.

“ಒಂದು ಕುರ್ಚಿ ನಂದು,” ಎಂದಳು.

“ಎಲ್ಲರೂ ಹಾಗೇ ಅಂತಾರಮ್ಮ. ಗೋಡೆಗೆ ಒರಗಿ ನಿಂತ್ಕೊಳ್ಳಿ,” ಎಂದ ಸ್ವಯಂಸೇವಕ.

ಮೊದಲನೆಯ ಗಣ್ಯರು ಕೂರುವ ಹಕ್ಕಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ‘ಎರಡೇ ಮಾತು’ ಎಂದು ಎದ್ದ ಎರಡನೆಯವರು ಒಂದು ಗಂಟೆ ಕೊರೆದರು. ಅಕ್ಕ ಹಲ್ಲುಕಚ್ಚಿ ನಿಂತಳು. ಮೂರನೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದೇ ತಡ, ನೇರ ವೇದಿಕೆ ಹತ್ತಿದಳು. ಸ್ವಯಂಸೇವಕ ಹಿಂದೆಯೇ ಓಡಿಬಂದ.

“ಬಿಡ್ರೀ ಅವರನ್ನ!” ಮೇಡಂ ತಟ್ಟನೆ ಎದ್ದರು. “ನಾನು ಬರೆದದ್ದೆಲ್ಲ ಇವರು ಹೇಳಿದ್ದೇ. ಈ ಗೌರವ ಮೊದಲು ಇವರಿಗೆ ಸಲ್ಲಬೇಕು. ಬಾಮ್ಮ, ಕೂತ್ಕೋ.”

ತಮ್ಮ ಕುರ್ಚಿಯಲ್ಲೇ ಅವಳನ್ನು ಕೂರಿಸಿದರು. ಎಷ್ಟೋ ಹೊತ್ತಿನ ಮೇಲೆ ಮಂಡಿ ಮಡಚಿದ ಅಕ್ಕನಿಗೆ ಕಣ್ಣು ತುಂಬಿಬಂತು.

ಅಷ್ಟರಲ್ಲಿ ನಿರೂಪಕರು, “ಈಗ ಕುರ್ಚಿ ಒದಗಿಸಿದ ದಾನಿಗಳು ವೇದಿಕೆಗೆ ಬರಬೇಕು,” ಎಂದರು. ಬಂದವರು ಮಾಲೀಕರು! ಅಕ್ಕ ತಟ್ಟನೆ ಕೆನ್ನೆ ಹಿಡಿದುಕೊಂಡಳು. ಅವರು ಅವಳನ್ನು ನೋಡಿದರು, ಕ್ಯಾಮೆರಾಗಳನ್ನು ನೋಡಿದರು, ಮೈಕು ಹಿಡಿದರು.

“ಇಂಥವರನ್ನ ಇಷ್ಟು ದಿನ ಮೂಲೇಲಿ ಕೂರಿಸಿದ್ದು ನನ್ನ ತಪ್ಪು. ನಾಳೆಯಿಂದ ಇವರಿಗೆ ಬಡ್ತಿ! ಅಂಗಡಿ ಬಾಗಿಲಲ್ಲೇ ನಿಂತು ಬಂದೋರನ್ನೆಲ್ಲ ಸ್ವಾಗತ ಮಾಡ್ತಾರೆ!”

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರ್ಯಾದೆಗೆ ಅಕ್ಕನೂ ಏಳಬೇಕಾಯಿತು.